ಅಮ್ಮನಿಗೆ ಎದುರಿನವರ ಮುಖ ಕಾಣುತ್ತಿಲ್ಲ: ಕಣ್ಣಿಗೆ ಇಂಜೆಕ್ಷನ್ ಕೊಡಿಸಲೇಬೇಕೇ?

ಪ್ರಶ್ನೆ: ಕೋಟೆ ರಸ್ತೆಯವನು, ಚಿತ್ರದುರ್ಗ

ನಮ್ಮ ತಾಯಿಗೆ 71 ವರ್ಷ. ಸಕ್ಕರೆ ಕಾಯಿಲೆ ಇಲ್ಲ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ದೀಪಾವಳಿಯ ಹೊತ್ತಿನಲ್ಲಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಾ, ಎಳೆದ ಗೆರೆ ಸೊಟ್ಟಗೆ ಕಾಣುತ್ತಿದೆಯೆಂದು ಅವರು ಹೇಳಿದಾಗ, ವಯಸ್ಸಾಯಿತು, ಕೈ ನಡುಗಿರಬೇಕು ಎಂದು ನಾವು ಸುಮ್ಮನಾದೆವು. ಕಳೆದ ವಾರ ಬಲಗಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುವಾಗ, ಎದುರು ಕುಳಿತಿದ್ದ ಮೊಮ್ಮಗಳ ಜಡೆ ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ ಎಂದರು. ದಾವಣಗೆರೆಗೆ ಕರೆದೊಯ್ದು ತೋರಿಸಿದೆವು. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತ, ಅದರಲ್ಲಿಯೂ ನೀರು ಸೋರುವ ಬಗೆ ಎಂದು ಹೇಳಿ, ಎಡಗಣ್ಣಿಗೆ ತಿಂಗಳಿಗೊಂದರಂತೆ 3 ಇಂಜೆಕ್ಷನ್ ಬೇಕೆಂದು ಬರೆದುಕೊಟ್ಟಿದ್ದಾರೆ.

ಮೂರು ವರ್ಷದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಲೆನ್ಸ್ ಹಾಕಿದ ಕಣ್ಣು ಮತ್ತೆ ಹೇಗೆ ಕೆಟ್ಟಿತು ಎಂಬುದು ಅಮ್ಮನ ಪ್ರಶ್ನೆ. ಕಣ್ಣಿನೊಳಗೆ ಸೂಜಿ ಎಂದ ಕೂಡಲೇ ಅವರು ಹಿಂಜರಿಯುತ್ತಿದ್ದಾರೆ. ಸಂಕ್ರಾಂತಿ ಕಳೆಯಲಿ, ಅಲ್ಲಿಯವರೆಗೆ ಹನಿ ಔಷಧಿ ಹಾಕೋಣ ಎನ್ನುವ ನೆಂಟರೂ ಇದ್ದಾರೆ. ಕಾಯಬಹುದೇ?

ಉತ್ತರ: ರೆಟಿನಾ ವಿಭಾಗದ ವೈದ್ಯೆ, ದಾವಣಗೆರೆ

ಕಾಯಬೇಡಿ. ಉಳಿದುದನ್ನು ಆಮೇಲೆ ಓದಿದರೂ ನಡೆದೀತು, ಮೊದಲು ದಿನಾಂಕ ಗೊತ್ತುಮಾಡಿಕೊಳ್ಳಿ.

ಪೊರೆ ಬರುವುದು ಕಣ್ಣಿನ ಮುಂಭಾಗದ ಲೆನ್ಸಿಗೆ. ಈ ರೋಗ ಇರುವುದು ಹಿಂಬದಿಯ ಅಕ್ಷಿಪಟಲದ ನಟ್ಟನಡುವೆ, ಓದುವುದಕ್ಕೆ, ಮುಖ ಗುರುತಿಸುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಬೇಕಾದ ಸೂಕ್ಷ್ಮ ದೃಷ್ಟಿಯನ್ನು ಕೊಡುವ ಮ್ಯಾಕ್ಯುಲಾ ಎಂಬ ಪುಟ್ಟ ಜಾಗದಲ್ಲಿ. ಆದ್ದರಿಂದ ಲೆನ್ಸ್ ಸರಿಯಾಗಿದ್ದರೂ ಇದು ಬರಬಹುದು. ಒಣ ಬಗೆಯಲ್ಲಿ ಆ ಜಾಗ ವರ್ಷಗಟ್ಟಲೆ ನಿಧಾನವಾಗಿ ಸವೆಯುತ್ತದೆ. ನಿಮ್ಮ ತಾಯಿಗೆ ಬಂದಿರುವ ಬಗೆಯಲ್ಲಿ ಅಕ್ಷಿಪಟಲದ ಅಡಿಯಲ್ಲಿ ಬಲವಿಲ್ಲದ ಹೊಸ ರಕ್ತನಾಳಗಳು ಬೆಳೆದು, ಅವುಗಳಿಂದ ನೀರು, ಕೆಲವೊಮ್ಮೆ ರಕ್ತ ಜಿನುಗಿ ಪದರವನ್ನು ಮೇಲೆತ್ತುತ್ತವೆ. ಗೆರೆ ಸೊಟ್ಟಗೆ ಕಂಡದ್ದು ಅದಕ್ಕೇ, ಕೈ ನಡುಗಿದ್ದಕ್ಕಲ್ಲ. ಹಾಗೆಯೇ ಬಿಟ್ಟರೆ ಅಲ್ಲಿ ಕಲೆಗಟ್ಟುತ್ತದೆ, ಕಲೆಗಟ್ಟಿದ ಮೇಲೆ ಯಾವ ಔಷಧಿಯೂ ಆ ನೋಟವನ್ನು ಮರಳಿ ತರಲಾರದು.

ಆ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವುದೇ ಇಂಜೆಕ್ಷನ್ನಿನ ಕೆಲಸ. ಇದಕ್ಕೆ ಬದಲಾಗಿ ಹಾಕಬಹುದಾದ ಹನಿ ಔಷಧಿ ಇಲ್ಲ. ಸೂಜಿ ಪಾಪೆಗೆ ಚುಚ್ಚುವುದಿಲ್ಲ. ಮರಗಟ್ಟಿಸುವ ಹನಿ ಹಾಕಿ, ಕಣ್ಣನ್ನು ಅಯೋಡಿನ್ ದ್ರಾವಣದಿಂದ ಶುದ್ಧಮಾಡಿ, ಬಿಳಿಭಾಗದ ಮೂಲಕ ಸಾಮಾನ್ಯವಾಗಿ 0.05 ಮಿಲಿಲೀಟರಿನಷ್ಟು, ಎಂದರೆ ಒಂದು ಹನಿಯಷ್ಟು ಔಷಧಿ ಬಿಡುತ್ತಾರೆ. ಸೂಜಿ ಒಳಗಿರುವುದು ಕೆಲವೇ ಕ್ಷಣ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೊಡ್ಡಕರುಳಿನ ಕ್ಯಾನ್ಸರಿಗೆಂದು 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆವಾಸಿಜುಮ್ಯಾಬ್ ಅನ್ನು ಕಣ್ಣಿಗೂ ಬಳಸುತ್ತಾರೆ. ಕಣ್ಣಿಗೆಂದೇ ತಯಾರಾದ, ಬಹಳ ದುಬಾರಿಯಾದ ರಾನಿಬಿಜುಮ್ಯಾಬ್ ಜೊತೆಗೆ ಅದನ್ನು ಹೋಲಿಸಿದ ಅಮೆರಿಕದ ಅಧ್ಯಯನದ ಮೊದಲ ವರ್ಷದ ಫಲಿತಾಂಶ 2011ರಲ್ಲಿ ಬಂದಾಗ, ಎರಡರಿಂದಲೂ ದೃಷ್ಟಿಗಾದ ಲಾಭ ಹೆಚ್ಚುಕಡಿಮೆ ಸಮನಾಗಿತ್ತು. ಆದರೆ ಬೆವಾಸಿಜುಮ್ಯಾಬ್ ಅನ್ನು ದೊಡ್ಡ ಸೀಸೆಯಿಂದ ಸಣ್ಣ ಪ್ರಮಾಣಗಳಾಗಿ ಬೇರ್ಪಡಿಸುವಾಗ ಸೋಂಕು ತಗಲದಂತೆ ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕು. ರಾನಿಬಿಜುಮ್ಯಾಬಿಗೆ ಸಮಾನವಾದ, ಭಾರತದಲ್ಲೇ ತಯಾರಾಗುವ ಔಷಧಿಯೂ ಇದೆ. ಯಾವುದನ್ನು ಬರೆದಿದ್ದಾರೆ, ಏಕೆ ಎಂದು ಸಂಕೋಚವಿಲ್ಲದೆ ಕೇಳಿ. ತಾಯಿಗೆ ಈಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ ಅದನ್ನೂ ಮೊದಲೇ ತಿಳಿಸಿ.

ಉತ್ತರ: ಹರಿಹರದ ಮೇಷ್ಟ್ರು, ನಿವೃತ್ತ

ನನ್ನ ತಂದೆಯವರಿಗೂ ಇದೇ ಆಗಿತ್ತು. ಮೊದಲು ತೋರಿಸಿದ ಕಡೆ ಹಿಂಬದಿಯನ್ನು ನೋಡದೆಯೇ ಕನ್ನಡಕದ ನಂಬರು ಬದಲಿಸಿ ಕಳುಹಿಸಿದರು. ಅದರಲ್ಲೇ ನಾಲ್ಕು ತಿಂಗಳು ಹೋಯಿತು. ಆ ಕಣ್ಣಿನ ನಡುವೆ ಈಗಲೂ ಬೂದು ಮಚ್ಚೆ. ಎರಡನೆಯ ಕಣ್ಣಿಗೆ ಬಂದಾಗ ವಾರದೊಳಗೆ ಇಂಜೆಕ್ಷನ್ ಆಯಿತು, ಆ ಕಣ್ಣಿನಲ್ಲಿ ಇವತ್ತಿಗೂ ಪತ್ರಿಕೆ ಓದುತ್ತಾರೆ.

ಮೂರು ಮುಗಿದರೆ ಮುಗಿಯಿತು ಎಂದುಕೊಳ್ಳಬೇಡಿ. ನಾವು ಹಾಗೆಯೇ ಅಂದುಕೊಂಡು, ಮೆಕ್ಕೆಜೋಳದ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ತಪಾಸಣೆ ತಪ್ಪಿಸಿದೆವು. ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನನ್ನು ಮುಂದಿನ ಸಲ ಮಾಡಿಸಿದಾಗ ನೀರು ಮತ್ತೆ ತುಂಬಿತ್ತು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ತಂಪು ಕನ್ನಡಕ ಒಯ್ಯಿರಿ. ದುರ್ಗಕ್ಕೆ ವಾಪಸಾಗುವಾಗ ಬಸ್ಸಿನಲ್ಲಿ ಅವರ ಪಕ್ಕ ಒಬ್ಬರು ಇರಲಿ.

ಪ್ರಶ್ನೆ ಕೇಳಿದವರು, ಐದು ದಿನದ ನಂತರ

ಮೊನ್ನೆ ಮೊದಲನೆಯದು ಆಯಿತು. "ಇಷ್ಟಕ್ಕೇ ಇಷ್ಟು ಹೆದರಿಸಿದಿರಾ" ಎಂದು ಅಮ್ಮ ನಮ್ಮನ್ನೇ ಬೈದರು. ಬಿಳಿಭಾಗದಲ್ಲಿ ಕಡಲೆಕಾಳಿನಷ್ಟು ಕೆಂಪು ಕಲೆಯಿದೆ, ನೋವಿಲ್ಲ. ಬಲಗಣ್ಣಿಗೂ ಬರುತ್ತದೆಯೇ?

ಉತ್ತರ: ರೆಟಿನಾ ವಿಭಾಗದ ವೈದ್ಯೆ

ಸೂಜಿ ತಗಲಿದ ಕಡೆ ರಕ್ತ ಹರಡಿದ ಗುರುತು ಅದು. ಒಂದೆರಡು ವಾರದಲ್ಲಿ ತಾನಾಗಿ ಮಾಯವಾಗುತ್ತದೆ. ಆದರೆ ನೋವು ಹೆಚ್ಚುತ್ತಾ ಹೋದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಇನ್ನೂ ಮಂಕಾದರೆ ಬೆಳಗಾಗುವುದನ್ನು ಕಾಯದೆ ಹೊರಡಿ. ಒಳಸೋಂಕು ಅಪರೂಪ, ಆದರೆ ಅದಕ್ಕೆ ಗಂಟೆಗಳ ಲೆಕ್ಕ.

ಬಲಗಣ್ಣಿಗೂ ಬರುವ ಸಾಧ್ಯತೆ ಇದೆ. ಲ್ಯೂಟೀನ್, ಸತು ಮುಂತಾದವುಗಳಿರುವ ಮಾತ್ರೆ ಅವರಿಗೆ ಬೇಕೇ ಎಂಬುದನ್ನು ಆ ಕಣ್ಣಿನ ಸ್ಥಿತಿ ನೋಡಿ ನಿಮ್ಮ ವೈದ್ಯರೇ ಹೇಳಬೇಕು, ನೀವಾಗಿ ಕೊಂಡುತರಬೇಡಿ. ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆ ಇದ್ದರೆ ನಿಲ್ಲಿಸಿ. ನಡುವೆ ಚುಕ್ಕಿಯಿರುವ ಚೌಕುಳಿ ಹಾಳೆಯನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ, ಅದಕ್ಕೆ ಆಮ್ಸ್ಲರ್ ಗ್ರಿಡ್ ಎಂದು ಹೆಸರು. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದರಿಂದ ನಡುಚುಕ್ಕಿಯನ್ನೇ ನೋಡಬೇಕು. ಹಾಳೆ ಕಳೆದುಹೋದ ದಿನ ಅವರ ಚುಕ್ಕಿ ರಂಗೋಲಿಯೇ ಸಾಕು. ಒಂದೊಂದೇ ಕಣ್ಣಿನಿಂದ ನೋಡಲಿ, ಗೆರೆ ಸೊಟ್ಟ ಕಂಡರೆ ಅದೇ ದಿನ ಫೋನು ಮಾಡಿ.