ಸಹಾಯ ಬೇಕು: ಆಕ್ಸಿಮೀಟರ್ ನಂಬಬೇಕಾ, ಮೈಯನ್ನು ನಂಬಬೇಕಾ?

ನಾನು ಹಾರಿಸುವ ಚಿಕ್ಕ ವಿಮಾನದಲ್ಲಿ ಕ್ಯಾಬಿನ್ ಪ್ರೆಷರ್ ಇಲ್ಲ, ಅಂದರೆ ಮೇಲೇರಿದಂತೆ ಒಳಗಿನ ಗಾಳಿಯೂ ತೆಳುವಾಗುತ್ತದೆ. ಮೊನ್ನೆ 11,000 ಅಡಿಯಲ್ಲಿ ಮುಕ್ಕಾಲು ಗಂಟೆ ಇದ್ದೆ. ರಕ್ತದ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ಹೇಳುವ ಬೆರಳಿನ ಆಕ್ಸಿಮೀಟರ್ 84 ತೋರಿಸಿತು. ನನಗೋ ಸುಸ್ತಿಲ್ಲ, ತಲೆನೋವಿಲ್ಲ, ಸುಮ್ನೆ ಖುಷಿಯಾಗಿದ್ದೆ. ಆಮ್ಲಜನಕ ಕಡಿಮೆಯಾದಾಗ ಹೀಗೇ ಖುಷಿ ಬರುತ್ತದಂತಲ್ವಾ, ಅದೇ ಭಯ. ರೇಡಿಯೋದಲ್ಲಿ ಹೇಳಿದ ಫ್ರೀಕ್ವೆನ್ಸಿಯನ್ನು ಎರಡು ಸಲ ತಪ್ಪು ಬರೆದುಕೊಂಡಿದ್ದೆ. ಇಳಿದ ಮೇಲೆ ಚೀಟಿ ನೋಡಿದಾಗಲೇ ಗೊತ್ತಾಗಿದ್ದು!

ಬೆರಳು ತಣ್ಣಗಿದ್ದರೆ ಮೀಟರ್ ತಪ್ಪುತ್ತದೆ ಅಂತ ಅಲ್ಲೇ ಕೈ ಉಜ್ಜಿ ನೋಡಿದ್ದೆ, 86. ಬೆರಳು ಬದಲಿಸಿದೆ, 85. ಜೋರಾಗಿ ಉಸಿರೆಳೆದಾಗ 91ಕ್ಕೆ ಏರಿತು, ಆದರೆ ತಲೆ ಹಗುರಾಗಿ ತುಟಿ ಜುಮ್ಮೆಂದಿತು. ನೆಲದಲ್ಲಿ 98 ಇರುತ್ತದೆ.

ಸಿಕ್ಕಿಕೊಂಡಿದ್ದು ಇಲ್ಲೇ. ಜೋರು ಉಸಿರಿನಿಂದ ಬಂದ 91 ಅನ್ನು ಲೆಕ್ಕಕ್ಕೆ ಹಿಡಿಯಬಹುದಾ? ಮೈಗೆ ಏನೂ ಅನಿಸದಿದ್ದರೂ ಮೀಟರ್ ಎಷ್ಟಕ್ಕೆ ಇಳಿದಾಗ ನೀವು ಆಕ್ಸಿಜನ್ ಹಾಕಿಕೊಳ್ಳುತ್ತೀರಿ?