ಸಹಾಯ ಬೇಕು: ಪಿಲಡೀಸ್ ಪಾತ್ರ ಯಾರು ಮಾಡ್ತಿದ್ರು?

ಎಲ್ಲರಿಗೂ ನಮಸ್ಕಾರ. ಗ್ರೀಕ್ ದುರಂತ ನಾಟಕದಲ್ಲಿ ಮಾತಾಡೋ ನಟರು ಮೂವರೇ, ಮುಖವಾಡ ಬದಲಿಸಿ ಎಲ್ಲ ಪಾತ್ರ ಅವರೇ ಮಾಡ್ತಿದ್ರು, ಒಟ್ಟಾಗಿ ಹಾಡಿ ಕುಣಿಯೋ ಮೇಳ (ಕೋರಸ್) ಬೇರೆ. ಇಲ್ಲಿವರೆಗೆ ಅರ್ಥ ಆಗಿದೆ. ಸಿಕ್ಕಿಹಾಕಿಕೊಂಡಿರೋದು ನಾಟಕಕಾರ ಈಸ್ಕಿಲಸ್ ಕ್ರಿ.ಪೂ. 458ರಲ್ಲಿ ಆಡಿಸಿದ ‘ಒರೆಸ್ಟಿಯಾ’ ಅನ್ನೋ ಮೂರು ನಾಟಕಗಳ ಸರಣಿಯ ಎರಡನೇ ನಾಟಕದಲ್ಲಿ. ಅದರಲ್ಲಿ ಒರೆಸ್ಟಿಸ್ ತನ್ನ ತಂದೆಯನ್ನ ಕೊಂದ ತಾಯಿ ಮೇಲೆ ಸೇಡು ತೀರಿಸಿಕೊಳ್ಳೋಕೆ ಬರ್ತಾನೆ.

ಅವನ ಗೆಳೆಯ ಪಿಲಡೀಸ್ ಶುರುವಿನಿಂದ ಒರೆಸ್ಟಿಸ್ ಜೊತೆ ಮಾತಾಡದೇ ಇರ್ತಾನೆ. ತಾಯಿಯನ್ನ ಕೊಲ್ಲೋಕೆ ಒರೆಸ್ಟಿಸ್ ಹಿಂಜರಿದಾಗ, ಅಪೊಲೊ ದೇವರ ಆಜ್ಞೆ ನೆನಪಿಸಿ ಮೂರೇ ಸಾಲು ಮಾತಾಡ್ತಾನೆ. ಓದುವಾಗ ಮೈ ಜುಮ್ಮೆಂದಿತು! ಆದರೆ ಆಗ ಇಬ್ಬರು ನಟರು ಒರೆಸ್ಟಿಸ್ ಮತ್ತು ತಾಯಿಯಾಗಿ ವೇದಿಕೆ ಮೇಲಿರ್ತಾರೆ, ಅದಕ್ಕೆ ಸುಮಾರು 15 ಸಾಲು ಮುಂಚೆಯಷ್ಟೇ ಮೂರನೇ ನಟ ಸೇವಕನಾಗಿ ಮಾತಾಡಿರ್ತಾನೆ. ಯಾರು ಯಾವಾಗ ಒಳಗೆ ಹೋಗ್ತಾರೆ ಅಂತ ಹಾಳೆ ಮೇಲೆ ಗುರುತು ಹಾಕಿ ನೋಡಿದೆ, ಲೆಕ್ಕ ಕೂಡ್ತಿಲ್ಲ.

ಅಷ್ಟರಲ್ಲಿ ಸೇವಕನೇ ಮುಖವಾಡ ಬದಲಿಸಿ ಬರ್ತಿದ್ನಾ, ಇಲ್ಲ ಈ ಮೂರು ಸಾಲಿಗೋಸ್ಕರ ನಾಲ್ಕನೇ ನಟನಿಗೆ ಅವಕಾಶ ಇತ್ತಾ? ತಿಳಿದವರು ದಯವಿಟ್ಟು ಹೇಳ್ತೀರಾ?