ಮನೆಗೆ ಬಂದ್ರೂ ತಲೆಯೊಳಗೆ ಬ್ಯಾಂಕ್ ನಡೀತಾನೇ ಇರುತ್ತೆ, ಏನ್ ಮಾಡೋದು?

ಕೌಂಟರ್ ನಂಬರ್ 2:
ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಲ್ಲಿ ಬ್ಯಾಂಕ್ ಆಫೀಸರ್ ನಾನು, ವಯಸ್ಸು 34. ಶಾಖೆಯಲ್ಲಿ ಇರೋದು ನಾಲ್ಕೇ ಜನ. ಗೃಹಲಕ್ಷ್ಮಿ ದುಡ್ಡು ಬಿತ್ತು ಅಂತ ಸುದ್ದಿ ಬಂದ ದಿನ ಶಟರ್ ಎತ್ತೋ ಮೊದಲೇ ಕ್ಯೂ ಬೇವಿನ ಮರ ದಾಟಿರುತ್ತೆ. ಎಲ್ಲರಿಗೂ ಪಾಸ್‌ಬುಕ್ ಎಂಟ್ರಿ ಆಗಬೇಕು, ಪ್ರಿಂಟರ್ ಮೂರನೇ ಪುಸ್ತಕಕ್ಕೇ ಕಚ್ಚಿಕೊಳ್ಳುತ್ತೆ, ಆಮೇಲೆ ಸರ್ವರ್ ಡೌನ್, "ನನ್ನ ಎರಡು ಸಾವಿರ ಎಲ್ಲಿ ಹೋಯ್ತು" ಅನ್ನೋ ಬೈಗುಳ ಮಾತ್ರ ನನಗೆ. ತಿರುಗಿ ಬೈಯೋಕೂ ಮನಸ್ಸು ಬರಲ್ಲ, ಪಾಪ ಕೂಲಿ ಬಿಟ್ಟು ಬಂದಿರ್ತಾರೆ. ಡಬ್ಬಿ ತೆಗೆಯೋದು ಮೂರೂವರೆಗೆ, ಅಷ್ಟೊತ್ತಿಗೆ ಚಪಾತಿ ಚಪ್ಪಲಿ ಆಗಿರುತ್ತೆ. ಸಂಜೆ ಕ್ಯಾಷ್ ಟ್ಯಾಲಿ ಮಾಡಿ ಹೊರಟೆ ಅನ್ನುವಷ್ಟರಲ್ಲಿ ಮೇಲಿನ ಆಫೀಸಿಂದ ವಿಸಿ (ವಿಡಿಯೋ ಕಾನ್ಫರೆನ್ಸ್): ಅಟಲ್ ಪೆನ್ಷನ್ ಎಷ್ಟು ಮಾಡಿಸಿದ್ರಿ, ಇನ್ಶೂರೆನ್ಸ್ ಯಾಕೆ ಸೊನ್ನೆ.

ಒಂದು ವರ್ಷದಿಂದ ಹೊಟ್ಟೆ ಉರಿ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಯಾರಿಗಾದ್ರೂ ಐನೂರರ ನೋಟು ಒಂದು ಜಾಸ್ತಿ ಕೊಟ್ಟೆನಾ ಅಂತ ಲೆಕ್ಕ ಶುರು. ನಿದ್ದೇಲಿ "ಮುಂದೆ ಯಾರು ಬನ್ನಿ" ಅಂತೀಯಮ್ಮ ಅಂತ ಮಗಳು ನಗ್ತಾಳೆ. ಹೋದ ವಾರ ಮೆಡಿಕಲ್ ಶಾಪಲ್ಲಿ ಬಿಪಿ ನೋಡಿಸಿದ್ರೆ 150/96. ಗಾಬರಿ ಆಯ್ತು. ಮನೆ ಸಾಲ ಇದೆ, ಕೆಲಸ ಬಿಡೋಕಾಗಲ್ಲ. ದಯವಿಟ್ಟು "ಪಾಸಿಟಿವ್ ಆಗಿರಿ" ಅಂತ ಬರೀಬೇಡಿ.

ಬೆಳಗಿನ ಗಾಳಿ:
ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಣಾಯಾಮ ಮಾಡಿ ಮೇಡಂ. ಎಲ್ಲಾ ಸರಿಹೋಗುತ್ತೆ.

ಕೌಂಟರ್ ನಂಬರ್ 2:
ಐದಕ್ಕೇ ಏಳ್ತೀನಿ ಸರ್. ನಲ್ಲಿ ನೀರು ಬರೋದೂ ಆಗಲೇ.

ವಾರ್ಡ್ ಸಿಸ್ಟರ್:
ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ನಾನು. ಮೊದಲು ಆ 150/96 ವಿಷಯ. ಓಡಿಬಂದು, ನಿಂತ್ಕೊಂಡೇ ತೋಳು ಚಾಚಿ ನೋಡಿಸಿದ ಬಿಪಿ ನಂಬೋಕಾಗಲ್ಲ ಮೇಡಂ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕೂತು ಆಮೇಲೆ ನೋಡಬೇಕು. ಒಂದು ವಾರ ಬೆಳಿಗ್ಗೆ ಸಂಜೆ ಹೀಗೆ ನೋಡಿ ಬರೆದಿಡಿ, ಆ ಚೀಟಿ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ. ಆಸ್ಪತ್ರೆಯಲ್ಲಿ ನೋಡಿದಾಗಲೂ ಮತ್ತೆ ಮತ್ತೆ 140/90 ದಾಟಿದ್ರೆ ಮಾತ್ರೆ ಬೇಕಾಗಬಹುದು. ಚಿಕ್ಕ ವಯಸ್ಸಿಗೇ ಮಾತ್ರೆನಾ ಅಂತ ಮುಂದೂಡೋರನ್ನು ದಿನಾ ನೋಡ್ತೀನಿ, ಆ ತಪ್ಪು ಮಾಡಬೇಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು. ಅಂದ್ರೆ ಸಾರು, ಪಲ್ಯ ಎಲ್ಲಾ ಸೇರಿ ಒಂದು ಟೀ ಚಮಚ. ನಮ್ಮ ಕಡೆ ಉಪ್ಪಿನಕಾಯಿ, ಹಪ್ಪಳವೇ ಅದರಲ್ಲಿ ಎಷ್ಟೋ ಪಾಲು ತಿಂದುಬಿಡುತ್ತೆ, ಅಲ್ವಾ. ಗ್ಯಾಸ್ ಮಾತ್ರೆ ನೀವೇ ತಗೊಂಡು ತಿಂಗಳುಗಟ್ಟಲೆ ನುಂಗಬೇಡಿ. ಎದೆ ಹಿಂಡಿದ ಹಾಗಾಗಿ ಬೆವರು ಬಂದ್ರೆ ಸೋಡಾ ಕುಡಿದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಇನ್ನು ಆ ಮೂರು ಗಂಟೆ ಎಚ್ಚರಕ್ಕೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಯೋಚನೆ ಬಂದವರಿಗೆ ಮಾತ್ರ ಅಂದ್ಕೊಂಡಿರ್ತಾರೆ ಜನ, ಹಾಗೇನಿಲ್ಲ.

ಹಳೇ ಮ್ಯಾನೇಜರ್:
ನೋಡಮ್ಮ, 36 ವರ್ಷ ಬ್ಯಾಂಕಲ್ಲಿ ಸವೆದವನು ನಾನು. 52ಕ್ಕೆ ಸ್ಟೆಂಟ್ ಬಿತ್ತು. ಐಸಿಯು ಮಂಚದ ಮೇಲೆ ಮಲಗಿ ನಾನು ಮೊದಲು ಕೇಳಿದ್ದು ಸ್ಟ್ರಾಂಗ್‌ರೂಮ್ ಕೀ ಯಾರ ಹತ್ರ ಇದೆ ಅಂತ! ಹೆಂಡತಿ ಇವತ್ತಿಗೂ ಹಂಗಿಸ್ತಾಳೆ.

ನನಗೆ ಕೆಲಸಕ್ಕೆ ಬಂದ ಉಪಾಯ ಒಂದೇ. ಹೊರಡೋ ಮೊದಲು ಬಾಕಿ ಉಳಿದಿದ್ದನ್ನೆಲ್ಲ ಒಂದು ಚೀಟೀಲಿ ಬರೆದು ಡ್ರಾಯರಿಗೆ ಹಾಕಿ ಬೀಗ ಹಾಕ್ತಿದ್ದೆ. ಚೀಟಿ ಅಲ್ಲೇ ಇರಬೇಕು, ಜೇಬಿಗೆ ಬಂತೋ ಮನೆಗೂ ಬಂತು. ಊಟದ ವಿಷಯ ಮ್ಯಾನೇಜರ್ ಜೊತೆ ಮಾತಾಡಮ್ಮ. ಒಬ್ಬೊಬ್ಬರಾಗಿ ಕಾಲು ಗಂಟೆ ಎದ್ದರೆ ಬ್ಯಾಂಕ್ ಮುಳುಗಲ್ಲ.

ಇನ್ನೊಂದು, ಸೂಕ್ಷ್ಮ ಜಾಗದಲ್ಲಿ ಕೆಲಸ ಮಾಡೋರನ್ನು ವರ್ಷಕ್ಕೊಮ್ಮೆ, ಮೊದಲೇ ಹೇಳದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆ ಮೇಲೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ 2021ರ ಸುತ್ತೋಲೆ ಇದೆ. ನಮ್ಮ ಆರೋಗ್ಯದ ಮೇಲಿನ ಪ್ರೀತಿಗಲ್ಲ, ಮೋಸ ಮಾಡಿದ್ರೆ ಆಗ ಹೊರಬೀಳಲಿ ಅಂತ. ಇರಲಿ, ನಿದ್ದೆ ನಿದ್ದೇನೇ. ನಿನ್ನ ಸೀಟು ಆ ಪಟ್ಟಿಯಲ್ಲಿದೆಯಾ ಕೇಳಿ ನೋಡು.

ನೈಟ್ ಶಿಫ್ಟ್:
ಅಕ್ಕ, ವಿಸಿ ಎಲ್ಲಾ ಸೇರಿಸಿ ವಾರಕ್ಕೆ ಎಷ್ಟು ಗಂಟೆ ಆಗುತ್ತೆ ಒಮ್ಮೆ ಕೂಡಿಸಿ. 55 ದಾಟಿದ್ರೆ, 35-40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯು ಅಪಾಯ 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ನಿಮ್ಮ ಸಾಹೇಬ್ರಿಗೂ ಅಷ್ಟೇ ಗಂಟೆ ಆಗ್ತಿರುತ್ತೆ, ಅವರಿಗೂ ಹೇಳಿ.

ಕೌಂಟರ್ ನಂಬರ್ 2:
ಹತ್ತು ದಿನ ಆಯ್ತು, ಬರೀತೀನಿ ಅಂದ್ಕೊಂಡಿದ್ದೆ. ಸಿಸ್ಟರ್ ಹೇಳಿದ ಹಾಗೆ ನೋಡಿದ್ರೆ ಬಿಪಿ 138, 142 ಹೀಗೆ ಬರ್ತಿದೆ. ಶನಿವಾರ ಡಾಕ್ಟರ್ ಹತ್ರ ಹೋಗ್ತೀನಿ, ನಾಲ್ಕನೇ ಶನಿವಾರ, ರಜೆ. ಚೀಟಿ ಡ್ರಾಯರಲ್ಲೇ ಬಿಟ್ಟು ಬರ್ತೀನಿ, ಮೂರಕ್ಕೆ ಎಚ್ಚರ ಆಗೋದು ನಿಂತಿಲ್ಲ, ಆದ್ರೆ ಮತ್ತೆ ನಿದ್ದೆ ಬರುತ್ತೆ. ಸೋಮವಾರ ಧೈರ್ಯ ಮಾಡಿ ಒಂದೂ ಮುಕ್ಕಾಲಿಗೆ ಡಬ್ಬಿ ತಗೊಂಡು ಎದ್ದೆ. ಕ್ಯೂ ಗಲಾಟೆ ಮಾಡುತ್ತೆ ಅಂದ್ಕೊಂಡ್ರೆ ಮುಂದೆ ನಿಂತಿದ್ದ ಅಜ್ಜಿ "ಉಂಡು ಬಾರವ್ವ, ನಾನೂ ಅಷ್ಟೊತ್ತು ಕುಕ್ಕರಿಸ್ತೀನಿ" ಅಂದ್ರು. ವಿಸಿ ಮಾತ್ರ ಆವತ್ತೂ ಎಂಟಕ್ಕೇ ಇತ್ತು.